ಕೆಳಗಿನ ಪದರ

ಸ್ಸ್ ಎಂದು, ಯಾರೋ ಹಲ್ಲಿನ ಸಂದಿಯಿಂದ ಉಸಿರು ಬಿಟ್ಟಂಥ ಸಣ್ಣ ಸದ್ದು. ರಾತ್ರಿ ಹತ್ತರ ಹೊತ್ತಿಗೆ ಆ ಲ್ಯಾಬಿನಲ್ಲಿ ಮಾತೆಲ್ಲ ಮುಗಿದಿರುತ್ತಿದ್ದುದರಿಂದ ಅದು ಕೊನೆಯ ಬೆಂಚಿನವರೆಗೂ ಕೇಳಿಸಿತು. ಯಾರಿಟ್ಸಾ ದ್ರವಗಳನ್ನು ಬೇರ್ಪಡಿಸುವ ತನ್ನ ಮುಚ್ಚಳದ ಗಾಜಿನ ಫನೆಲನ್ನು ತಲೆಕೆಳಗಾಗಿ ಹಿಡಿದು, ಅದರ ತಿರುಪು ಬಿಚ್ಚಿ, ಒಳಗೆ ಕಟ್ಟಿಕೊಂಡಿದ್ದ ಆವಿಯನ್ನು ಹೊರಗೆ ಬಿಡುತ್ತಿದ್ದಳು.

"ನಂಗೂ ಹಿಂಗೇ ಎಲ್ಲಾದ್ರೂ ಒಂದು ತಿರುಪು ಇಟ್ಟಿದ್ರೆ ಚೆನ್ನಾಗಿತ್ತು," ಎಂದಳು. "ಬೆಳಗ್ಗಿಂದ ತುಂಬ್ಕೊಂಡಿರೋದನ್ನೆಲ್ಲ ಬಿಟ್ಬಿಡಬಹುದಿತ್ತು."

"ಮನೆಗೆ ಹೋಗಿ ಬಿಡು, ಮಾರಾಯ್ತಿ. ಇಲ್ಲಿ ಬೇಡ," ಎಂದಳು ಕೊರಿನ್.

ಯಾರಿಟ್ಸಾ ನಗಲು ನೋಡಿದಳು, ಅದು ಆಕಳಿಕೆಯಾಗಿ ಮುಗಿಯಿತು. ರಕ್ಷಣಾ ಕನ್ನಡಕದ ಹಿಂದೆ ಅವಳ ಕಣ್ಣುಗಳು ಕೆಂಪಾಗಿದ್ದವು. ಆಂಬುಲೆನ್ಸಿನ ಕೆಲಸದ ನೀಲಿ ಪ್ಯಾಂಟನ್ನು ಇನ್ನೂ ಬದಲಾಯಿಸಿರಲಿಲ್ಲ. ಮೊಣಕಾಲಿನ ಹತ್ತಿರ, ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪಿನ ಬಿಳಿ ಕಲೆ ಒಣಗಿತ್ತು. ಆ ಸಂಜೆ ಯಾರೋ ಮುದುಕ ಹೆಪ್ಪುಗಟ್ಟಿದ ಮೆಟ್ಟಿಲಲ್ಲಿ ಬಿದ್ದಿದ್ದನಂತೆ. ಅವನನ್ನು ಆಸ್ಪತ್ರೆಗೆ ಮುಟ್ಟಿಸಿ ಬರುವಷ್ಟರಲ್ಲಿ ಅವಳಿಗೆ ಲ್ಯಾಬಿಗೆ ತಡವಾಗಿತ್ತು.

ತಡವಾದದ್ದು ಹತ್ತು ನಿಮಿಷವೇ ಇರಬಹುದು. ಆದರೆ ಆ ಹತ್ತು ನಿಮಿಷದಲ್ಲೇ ರಸಾಯನಶಾಸ್ತ್ರ ಕಲಿಸುವ ಡಾಕ್ಟರ್ ಆಸ್ಟ್ರಾಂಡರ್ ಬೋರ್ಡಿನ ಮುಂದೆ ನಿಂತು ಒಂದು ಮಾತು ಹೇಳಿದ್ದರು: "ವರ್ಷವಿಡೀ ಈಥರ್ ಬಳಸಿದ್ದೀರಿ. ಈಥರ್ ನೀರಿನ ಮೇಲೆ ತೇಲುತ್ತೆ, ನಿಮಗೆ ಬೇಕಾದ್ದು ಮೇಲಿನ ಪದರದಲ್ಲಿರುತ್ತೆ. ಇವತ್ತಿನ ದ್ರಾವಕ ನೀರಿಗಿಂತ ಭಾರ. ಬೇಕಾದ್ದು ಕೆಳಗಿರುತ್ತೆ. ಕೈ ಅಭ್ಯಾಸಬಲಕ್ಕೆ ಕೆಳಗಿನದನ್ನು ಚೆಲ್ಲಬೇಡಿ. ಪ್ರತಿ ವರ್ಷ ಯಾರೋ ಒಬ್ಬರು ಚೆಲ್ಲೇ ಚೆಲ್ತಾರೆ."

ಯಾರಿಟ್ಸಾ ಓಡಿಬಂದು ಕೋಟು ಸಿಕ್ಕಿಸುವಾಗ ಕೊರಿನ್‌ಗೆ ಇದನ್ನು ಹೇಳಬೇಕೆಂದು ಅನಿಸಿತ್ತು. ಬಾಟಲಿಯ ಮೇಲೆ ದ್ರಾವಕದ ಹೆಸರು ದೊಡ್ಡದಾಗಿ ಬರೆದಿದೆ, ಇವಳು ನನಗಿಂತ ಚುರುಕು, ಗೊತ್ತಿರುತ್ತದೆ ಎಂದುಕೊಂಡು ಸುಮ್ಮನಾಗಿದ್ದಳು. ಸುಮ್ಮನಿರುವುದು ಅವಳಿಗೆ ರೂಢಿಯೂ ಆಗಿತ್ತು. ಹಗಲು ಹೊತ್ತು ಒಂದು ಕ್ಲಿನಿಕ್ಕಿನಲ್ಲಿ ಅವಳದ್ದು ಬರೆದುಕೊಳ್ಳುವ ಕೆಲಸ. ಡಾಕ್ಟರು ರೋಗಿಯನ್ನು ನೋಡುವಾಗ ಮೂಲೆಯ ಸ್ಟೂಲಿನಲ್ಲಿ ಕುಳಿತು, ಹೇಳಿದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕು. ರೋಗಿ ಹೇಳದೆ ಬಿಟ್ಟದ್ದೂ ಅವಳ ಕಣ್ಣಿಗೆ ಬೀಳುತ್ತಿತ್ತು. ಹೆಂಡತಿ ಮಾತಾಡುವಾಗ ಗಂಡ ಕಿಟಕಿ ಕಡೆ ನೋಡುವುದು, ಚೆನ್ನಾಗಿದ್ದೇನೆ ಎನ್ನುವಾಗ ಬೆರಳು ಕುರ್ಚಿಯನ್ನು ಹಿಸುಕುವುದು. ಅದನ್ನು ಬರೆಯುವ ಅಧಿಕಾರ ಅವಳಿಗಿರಲಿಲ್ಲ, ಹೇಳುವ ಅಧಿಕಾರವೂ ಇರಲಿಲ್ಲ.

ಅವಳಿಗೆ ಮೂವತ್ಮೂರು. ಹತ್ತೊಂಬತ್ತರಲ್ಲಿ ಇದೇ ರಸಾಯನಶಾಸ್ತ್ರದಲ್ಲಿ ಡಿ ದರ್ಜೆ ತೆಗೆದುಕೊಂಡು, ಡಾಕ್ಟರಾಗುವ ಆಸೆ ಬಿಟ್ಟು, ಇತಿಹಾಸ ಓದಿ ಪದವಿ ಪಡೆದು, ಏನೇನೋ ಕೆಲಸ ಮಾಡಿ, ಕೊನೆಗೆ ಮತ್ತೆ ಮೊದಲ ಮೆಟ್ಟಿಲಿಗೆ ಬಂದು ನಿಂತಿದ್ದಳು. ಸಂಜೆಯ ತರಗತಿಯಲ್ಲಿ ಇಂಥವರು ಇನ್ನೂ ಇದ್ದರು. ಪಕ್ಕದಲ್ಲಿ ಇಪ್ಪತ್ತರ ಹುಡುಗರು. ಕೊರಿನ್‌ಳಂಥವರು ಜೀವಶಾಸ್ತ್ರ, ಭೌತಶಾಸ್ತ್ರ, ರಸಾಯನಶಾಸ್ತ್ರ ಎಲ್ಲವನ್ನೂ ಎರಡನೇ ಸಲ ಕಲಿಯುತ್ತಿರುವವರು. ಎರಡನೇ ಸಲ ಎಷ್ಟೇ ಚೆನ್ನಾಗಿ ಬರೆದರೂ ಮೊದಲನೆಯದು ಅಳಿಸುವುದಿಲ್ಲ. ವೈದ್ಯಕೀಯ ಕಾಲೇಜಿನವರು ಎರಡನ್ನೂ ಕೂಡಿಸಿ ನೋಡುತ್ತಾರೆ. ಕೊರಿನ್ ಹಿಂದಿನ ವರ್ಷ ಊರೂರಿನ ಕಾಲೇಜುಗಳಿಗೆ ಅರ್ಜಿ ಹಾಕಿದ್ದಳು. ಒಂದು ಕಡೆಯಿಂದಲೂ ಸಂದರ್ಶನಕ್ಕೆ ಕರೆ ಬರಲಿಲ್ಲ. ಹತ್ತೊಂಬತ್ತರ ಆ ಹುಡುಗಿ ಪ್ರತಿ ಅರ್ಜಿಯಲ್ಲೂ ಅವಳಿಗಿಂತ ಮುಂಚೆ ಹೋಗಿ ಕುಳಿತಿರುತ್ತಿದ್ದಳು.

ಉಳಿದಿದ್ದದ್ದು ಒಂದೇ ದಾರಿ. ಊರಿನ ವೈದ್ಯಕೀಯ ಕಾಲೇಜಿಗೂ ಈ ಸಂಜೆ ತರಗತಿಗೂ ಒಂದು ಒಪ್ಪಂದವಿತ್ತು. ವರ್ಷಕ್ಕೆ ಒಬ್ಬರನ್ನು ಇಲ್ಲಿಂದ ಹೆಸರಿಸಿ ಕಳಿಸಿದರೆ ಅವರು ಹಳೆಯ ಅಂಕ ಕೇಳದೆ ಸೇರಿಸಿಕೊಳ್ಳುತ್ತಿದ್ದರು. ಹೆಸರಿಸುವವರು ಡಾಕ್ಟರ್ ಆಸ್ಟ್ರಾಂಡರ್. ಈ ವರ್ಷ ಆ ಒಂದು ಸೀಟು ಕೊರಿನ್‌ಗೆ ಅಥವಾ ಯಾರಿಟ್ಸಾಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರಿಟ್ಸಾ ಒಂದು ಕೂದಲೆಳೆ ಮುಂದಿದ್ದಳು. ಅದೂ ಎಲ್ಲರಿಗೂ ಗೊತ್ತಿತ್ತು.

ಇಬ್ಬರೂ ವರ್ಷವಿಡೀ ಒಂದೇ ಬೆಂಚಿನಲ್ಲಿದ್ದರು. ಒಟ್ಟಿಗೆ ಓದಿದ್ದರು, ಯಾರಿಟ್ಸಾಳ ಅಡುಗೆಮನೆಯಲ್ಲಿ, ಅವಳ ಮಗಳು ಮಿರೇಯಾ ಪಕ್ಕದಲ್ಲಿ ಗುಣಾಕಾರ ಬಿಡಿಸುತ್ತಿರುವಾಗ. ಸೀಟಿನ ಮಾತು ಬಂದಾಗ ಯಾರಿಟ್ಸಾ, "ನಿಂಗೆ ಸಿಕ್ರೆ ನಾನು ನಿನ್ ಟೈರಿನ ಗಾಳಿ ಬಿಡ್ತೀನಿ, ನಂಗೆ ಸಿಕ್ರೆ ನೀನು ಬಿಡು, ಮುಗೀತು ಲೆಕ್ಕ," ಎನ್ನುತ್ತಿದ್ದಳು. ಕೊರಿನ್ ನಗುತ್ತಿದ್ದಳು. ಆಮೇಲೆ ಕಾರಿನಲ್ಲಿ ಕುಳಿತು, ಯಾರಿಟ್ಸಾಳ ಯಾವ ಪರೀಕ್ಷೆ ಎಷ್ಟು ಕೆಟ್ಟರೆ ತಾನು ಮುಂದೆ ಬರಬಹುದು ಎಂದು ಮನಸ್ಸಿನಲ್ಲೇ ಕೂಡಿ ಕಳೆಯುತ್ತಿದ್ದಳು. ಆ ಲೆಕ್ಕ ಬೇಡವೆಂದರೂ ತಾನಾಗಿ ನಡೆಯುತ್ತಿತ್ತು.

ಇವತ್ತಿನದು ವರ್ಷದ ಕೊನೆಯ ಪ್ರಯೋಗ. ಒಬ್ಬೊಬ್ಬರಿಗೂ ಒಂದು ಚಮಚ ಮಿಶ್ರಣ ಕೊಟ್ಟಿದ್ದರು. ಅದರಿಂದ ಒಂದು ವಸ್ತುವನ್ನು ಬೇರ್ಪಡಿಸಿ, ಹರಳು ಕಟ್ಟಿಸಿ, ತೂಗಿ ಒಪ್ಪಿಸಬೇಕು. ಎಷ್ಟು ಹರಳು ಕೈಗೆ ಬಂತೋ ಅಷ್ಟು ಅಂಕ.

ಯಾರಿಟ್ಸಾ ಫನೆಲನ್ನು ಕಬ್ಬಿಣದ ಉಂಗುರದಲ್ಲಿ ನಿಲ್ಲಿಸಿದಳು. ಒಳಗೆ ಎರಡು ಪದರ ನಿಧಾನವಾಗಿ ಬೇರೆಯಾದವು, ನಡುವೆ ಒಂದು ತೆಳು ಗೆರೆ. ಅವಳು ತಿರುಪು ಬಿಚ್ಚಿ ಕೆಳಗಿನದನ್ನು ಬೀಕರಿಗೆ ಇಳಿಸಿಕೊಂಡಳು. ಗೆರೆ ಬಾಯಿಯ ಹತ್ತಿರ ಬರುತ್ತಿದ್ದಂತೆ ಸರಿಯಾಗಿ ತಿರುಪು ಮುಚ್ಚಿದಳು. ಕೈ ಅಷ್ಟು ದಣಿದಿದ್ದರೂ ಒಂದು ತೊಟ್ಟೂ ಹೆಚ್ಚು ಕಡಿಮೆಯಾಗಲಿಲ್ಲ.

ಆಮೇಲೆ ಬೀಕರ್ ಎತ್ತಿಕೊಂಡು ಗೋಡೆ ಬದಿಗೆ ನಡೆದಳು. ಅಲ್ಲಿದ್ದದ್ದು ಬೇಡವಾದದ್ದನ್ನು ಸುರಿಯುವ ಕ್ಯಾನು.

ಕೊರಿನ್ ನೋಡಿದಳು.

ಕ್ಯಾನಿನ ಬಾಯಿ ಚಿಕ್ಕದು. ಯಾರಿಟ್ಸಾ ಬೀಕರನ್ನು ಸ್ವಲ್ಪ ಸ್ವಲ್ಪವೇ ಬಗ್ಗಿಸಿ ಸುರಿಯತೊಡಗಿದಳು. ಕೊರಿನ್‌ಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು: ಬಗ್ಗಿದ ಬೆನ್ನು, ಬಿಚ್ಚಿಹೋಗುತ್ತಿದ್ದ ಜಡೆ, ಗಾಜಿನ ತುದಿಯಿಂದ ದಾರದಂತೆ ಇಳಿಯುತ್ತಿದ್ದ ದ್ರವ. ಅದು ಯಾವ ಪದರ, ಅದರಲ್ಲಿ ಏನಿದೆ, ಅದು ಹೋದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮನಸ್ಸು ಗೊಂದಲದಲ್ಲಿರಲಿಲ್ಲ, ನಾಲಿಗೆ ಕಟ್ಟಿರಲಿಲ್ಲ. ಅವಳು ಕಾದಳು. ಮೂಲೆಯ ಸ್ಟೂಲಿನಲ್ಲಿ ಕುಳಿತು ನೋಡುವಂತೆ ನೋಡಿದಳು. ಕೂಡಿ ಕಳೆಯುವ ಆ ಲೆಕ್ಕ ತಲೆಯೊಳಗೆ ತಾನಾಗಿ ಶುರುವಾಗಿ, ನಡೆದು, ಮುಗಿದೂ ಹೋಯಿತು. ಉತ್ತರ ಅವಳ ಕಡೆಗೆ ಬಂದಿತ್ತು.

ಆಗ ಯಾರಿಟ್ಸಾ ಸುರಿಯುವುದನ್ನು ನಿಲ್ಲಿಸಿ, ಭುಜದಿಂದ ಕೆನ್ನೆ ಒರೆಸಿಕೊಂಡು, ಮತ್ತೆ ಬೀಕರ್ ಬಗ್ಗಿಸಿದಳು.

"ಯಾರಿ! ನಿಲ್ಸು! ಅದು ಬೇಕಾಗಿರೋದು, ಅದೇ ಬೇಕಾಗಿರೋದು!"

ಇಷ್ಟು ಜೋರಾಗಿ ಕಿರುಚಿದ್ದು ತಾನೇ ಎಂದು ಕೊರಿನ್‌ಗೆ ನಂಬಿಕೆ ಬರಲಿಲ್ಲ. ಲ್ಯಾಬಿನಲ್ಲಿದ್ದವರೆಲ್ಲ ತಿರುಗಿದರು. ಯಾರಿಟ್ಸಾ ಬೀಕರನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟಳು. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಉಳಿದಿತ್ತು.

"ಅಯ್ಯೋ ದೇವ್ರೇ," ಎಂದಳು ಯಾರಿಟ್ಸಾ, ಮೆಲ್ಲಗೆ. "ಇವತ್ತು ಭಾರದ್ದು. ಕೆಳಗಿರುತ್ತೆ. ಬಾಟ್ಲಿ ಮೇಲೆ ಓದ್ದೆ ಕಣೇ, ಓದಿದ್ದೆ!"

ಮುಂದಿನ ಬೆಂಚಿನ ಹುಡುಗ ಬ್ರೈಸ್, "ಮೇಡಂ, ಕ್ಯಾನಿಗೆ ಬಾಯಿ ಹಾಕಿ ಹೀರ್ಕೊಂಡ್ಬಿಡಿ," ಎಂದ.

"ನಿನ್ನನ್ನ ಸ್ಟ್ರಾ ಮಾಡ್ಕೊಂಡು ಹೀರ್ತೀನಿ, ಸುಮ್ನಿರೋ," ಎಂದಳು ಯಾರಿಟ್ಸಾ. ಎಲ್ಲರೂ ನಕ್ಕರು. ಬೀಕರನ್ನು ಮಾತ್ರ ಅವಳು ಎದೆಯಿಂದ ಇಳಿಸಲಿಲ್ಲ.

ಡಾಕ್ಟರ್ ಆಸ್ಟ್ರಾಂಡರ್ ಬಂದು ಬೀಕರ್ ನೋಡಿ, ಕ್ಯಾನು ನೋಡಿ, "ಉಳಿದದ್ದರಲ್ಲಿ ಮುಂದುವರಿಸಿ," ಎಂದಷ್ಟೇ ಹೇಳಿ ಹೋದರು. ಯಾರಿಟ್ಸಾ ಉಳಿದದ್ದರಲ್ಲಿ ಮುಂದುವರಿಸಿದಳು. ಕೊನೆಗೆ ಅವಳ ಕಾಗದದ ಮೇಲೆ ಬಿಳಿಯ ಹರಳು ಉಗುರಿನಷ್ಟು ಬಂತು. ಕೊರಿನ್‌ಳದ್ದು ಹೆಬ್ಬೆರಳಿನಷ್ಟು.

ಹೊರಗೆ ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಮಾರ್ಚ್ ಮುಗಿಯುತ್ತ ಬಂದಿದ್ದರೂ ಪಾರ್ಕಿಂಗಿನ ಅಂಚಿನಲ್ಲಿ ಕೊಳಕು ಹಿಮದ ಗುಡ್ಡೆ ಹಾಗೇ ಇತ್ತು. ಯಾರಿಟ್ಸಾ ಕಾರಿನ ಬಾಗಿಲಲ್ಲಿ ನಿಂತು ಕೊರಿನ್‌ಳನ್ನು ಅಪ್ಪಿಕೊಂಡಳು.

"ನೀನು ಕೂಗ್ದೇ ಇದ್ದಿದ್ರೆ ನಂಗೆ ಸೊನ್ನೆ."

"ಮೊದಲೇ ಕೂಗಬೇಕಿತ್ತು," ಎಂದಳು ಕೊರಿನ್. ಅದು ನಿಜವಾಗಿತ್ತು. ನಿಜದ ಹಾಗೆ ಕೇಳಿಸಲಿಲ್ಲ.

"ಥೂ, ನಿಂಗೇನು ಬೆನ್ನಲ್ಲಿ ಕಣ್ಣಿದ್ಯಾ? ಕಂಡಾಗ ಕೂಗ್ದೆ, ಅಷ್ಟೇ ಸಾಕು. ಬೇರೆ ಯಾರಾದ್ರೂ ಆಗಿದ್ರೆ ಬಾಯಿ ಮುಚ್ಕೊಂಡಿರೋರು. ಹೋಗು, ಮಲಗು. ನಿನ್ ಮುಖ ನೋಡಿದ್ರೆ ನಾನೇ ಸ್ಟ್ರೆಚರ್ ತರ್ಬೇಕು ಅನ್ಸುತ್ತೆ."

ಮುಂದಿನ ವಾರಗಳು ಎಂದಿನಂತೆ ಹೋದವು. ಬೆಳಗ್ಗೆ ಕ್ಲಿನಿಕ್ಕು, ಸಂಜೆ ಓದು, ಮಧ್ಯೆ ಕಾರಿನಲ್ಲೇ ತಣ್ಣಗಿನ ಸ್ಯಾಂಡ್‌ವಿಚ್. ಕೊರಿನ್‌ಗೆ ಎಷ್ಟು ಮಲಗಿದರೂ ದಣಿವು ಆರುತ್ತಿರಲಿಲ್ಲ. ಅಮ್ಮ ಫೋನಿನಲ್ಲಿ, "ಇನ್ನೂ ಎಷ್ಟು ದಿನ ಪರೀಕ್ಷೆ ಕೂರ್ತೀಯೇ? ನಿನ್ ಜೊತೆ ಓದಿದೋರ ಮಕ್ಕಳು ಪರೀಕ್ಷೆ ಕೂರ್ತಿದಾರೆ," ಎಂದಾಗ ಮೊದಲಾದರೆ ರೇಗುತ್ತಿದ್ದಳು. ಈಗ, "ಹೂಂ ಅಮ್ಮ," ಎಂದು ಇಟ್ಟುಬಿಟ್ಟಳು. ಕ್ಲಿನಿಕ್ಕಿನಲ್ಲಿ ಒಬ್ಬಾಕೆ, ಎದೆಯಲ್ಲಿ ಗಂಟಿದ್ದದ್ದು ಚಳಿಗಾಲಕ್ಕೆ ಮುಂಚೆಯೇ ಗೊತ್ತಾಗಿತ್ತು, ಆದರೆ ಹೇಳಲಿಲ್ಲ ಎಂದು ಡಾಕ್ಟರ ಮುಂದೆ ಅತ್ತಳು. ಕೊರಿನ್ ಅದನ್ನು ಬರೆದುಕೊಂಡಳು: ರೋಗಿಗೆ ಮೊದಲೇ ಗೊತ್ತಿತ್ತು. ಬರೆದು ಸ್ವಲ್ಪ ಹೊತ್ತು ಆ ಸಾಲನ್ನೇ ನೋಡುತ್ತ ಕುಳಿತಳು. ಡಾಕ್ಟರು ಮುಂದಿನ ಮಾತು ಹೇಳಿದ್ದು ಕೇಳಿಸಲಿಲ್ಲ, ಮತ್ತೆ ಕೇಳಬೇಕಾಯಿತು.

ಮೇ ತಿಂಗಳಲ್ಲಿ ಡಾಕ್ಟರ್ ಆಸ್ಟ್ರಾಂಡರ್ ಕರೆಸಿದರು. ಅವರ ಕೋಣೆ ಪುಸ್ತಕದಿಂದ ತುಂಬಿ, ಕುರ್ಚಿಯ ಮೇಲೂ ಪುಸ್ತಕ. ಒಂದು ರಾಶಿ ಎತ್ತಿ ನೆಲಕ್ಕಿಟ್ಟು, "ಕೂತ್ಕೊಳ್ಳಿ," ಎಂದರು. ಅವರಿಗೆ ಅರವತ್ತು ದಾಟಿತ್ತು. ಒಳ್ಳೆಯ ಸುದ್ದಿಯನ್ನೂ ಕೆಟ್ಟ ಸುದ್ದಿಯನ್ನೂ ಒಂದೇ ದನಿಯಲ್ಲಿ ಹೇಳುವವರು.

"ಸೀಟಿಗೆ ನಿಮ್ಮ ಹೆಸರು ಕಳಿಸ್ತಾ ಇದೀನಿ."

ಕೊರಿನ್‌ಗೆ ಸಂತೋಷ ಆಗಬೇಕಿತ್ತು. ಬೆನ್ನಿನ ಯಾವುದೋ ಗಂಟು ಸಡಿಲವಾದಂತಾಗಿ, ಅಲ್ಲೇ ಮಲಗಿಬಿಡೋಣ ಅನ್ನಿಸಿತು.

"ಯಾರಿಟ್ಸಾ..." ಎಂದಳು.

"ಅದನ್ನೇ ಹೇಳ್ಬೇಕು ಅಂತಿದ್ದೆ. ಕೊನೆ ಪ್ರಯೋಗ ಆಗೋವರೆಗೂ ಅವರು ಮುಂದಿದ್ರು. ಅದು ಕೆಟ್ಟ ಮೇಲೆ ಇಬ್ಬರೂ ಸಮ. ಅಂಕದಲ್ಲಿ ತೀರ್ಮಾನ ಮಾಡೋಕೆ ಏನೂ ಉಳಿದಿರಲಿಲ್ಲ. ನಾಕು ದಿನ ತಲೆ ಕೆಡಿಸ್ಕೊಂಡೆ." ಅವರು ಕನ್ನಡಕ ತೆಗೆದು ಸ್ವೆಟರಿನ ತುದಿಯಲ್ಲಿ ಒರೆಸಿದರು. "ಆಮೇಲೆ ಅವರೇ ಬಂದ್ರು. ನಿಮ್ಮ ಜಾಗದಲ್ಲೇ ಕೂತು, ಸೀಟು ನಿಮಗೆ ಕೊಡಿ ಅಂದ್ರು."

"ಅವಳು ಹಾಗಂದ್ಲಾ?"

"'ಸೀಟು ನಮ್ಮಿಬ್ಬರ ಮಧ್ಯೆ ಇದೆ ಅಂತ ಗೊತ್ತಿದ್ದೂ ಅವಳು ಕೂಗಿದಳು. ನನ್ನ ಮಗಳಿಗೆ ಹುಷಾರಿಲ್ಲದಿದ್ರೆ ಅಂಥ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀನಿ' ಅಂದ್ರು. ನಲವತ್ತು ವರ್ಷದಿಂದ ಈ ಕೋಣೆಯಲ್ಲಿ ಕೂತಿದೀನಿ. ಇಲ್ಲಿಗೆ ಬಂದೋರೆಲ್ಲ ತಮಗೋಸ್ಕರ ಕೇಳೋಕೆ ಬಂದಿದ್ರು."

"ಡಾಕ್ಟರ್, ನಾನು ಆವತ್ತು ಕೂಗಿದ್ದು..."

"ಗೊತ್ತು, ಯಾರಾದ್ರೂ ಕೂಗ್ತಿದ್ರು ಅಂತೀರಿ. ಯಾರೂ ಕೂಗಲ್ಲ. ನಾನು ನೋಡಿದೀನಿ." ಅವರು ಕನ್ನಡಕ ಹಾಕಿಕೊಂಡರು. "ಶುಕ್ರವಾರದೊಳಗೆ ಒಪ್ಪಿಗೆ ತಿಳಿಸಿ. ಈಗಲೇ ಹೇಳಿದ್ರೂ ಆಯ್ತು."

"ಶುಕ್ರವಾರ ಹೇಳ್ತೀನಿ," ಎಂದಳು ಕೊರಿನ್. ಅವರಿಗೆ ಸ್ವಲ್ಪ ಆಶ್ಚರ್ಯವಾದಂತೆ ಕಂಡಿತು.

ಮರುದಿನ ಕೆಲಸ ಮುಗಿಸಿ ನೇರವಾಗಿ ಆಂಬುಲೆನ್ಸ್ ನಿಲ್ಲುವ ಕಡೆಗೆ ಹೋದಳು. ಹೇಳಲೆಂದೇ ಹೋದಳು. ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡಿದ್ದಳು: ನೀನು ಸುರಿಯೋಕೆ ಶುರು ಮಾಡಿದಾಗಲೇ ನಾನು ನೋಡಿದೆ. ಅರ್ಧ ಹೋಗೋವರೆಗೂ ಕಾದೆ. ಇಷ್ಟೇ. ಎರಡು ವಾಕ್ಯ. ಅದರಲ್ಲಿ ನೆಪಕ್ಕೆ ಜಾಗ ಇಟ್ಟಿರಲಿಲ್ಲ.

ಯಾರಿಟ್ಸಾ ಗಾಡಿಯ ಹಿಂಬಾಗಿಲು ತೆರೆದು, ಕಾಲು ಇಳಿಬಿಟ್ಟು ಕುಳಿತು, ಡಬ್ಬಿಯಿಂದ ತೊಗರಿಕಾಳು ಹಾಕಿದ ಅನ್ನ ತಿನ್ನುತ್ತಿದ್ದಳು. ಕೊರಿನ್‌ಳನ್ನು ಕಂಡದ್ದೇ ಚಮಚ ಎತ್ತಿ ಕೂಗಿದಳು: "ಬಂದ್ರು ನೋಡ್ರಪ್ಪ ಡಾಕ್ಟರಮ್ಮ! ಎಲ್ಲಿ ನಿನ್ ಕಾರು? ಟೈರಿನ ಗಾಳಿ ಬಿಡ್ಬೇಕು ನಾನು."

"ನಿಂಗೆ ಹೇಗೆ ಗೊತ್ತಾಯ್ತು?"

"ಡಾಕ್ಟರ್ ಫೋನ್ ಮಾಡಿದ್ರು. ಪಾಪ, ನಾನು ಅಳ್ತೀನೇನೋ ಅನ್ಕೊಂಡಿದ್ರು. ಅತ್ತಿದ್ದೂ ನಿಜ ಬಿಡು, ಆದ್ರೆ ಫೋನ್ ಇಟ್ಮೇಲೆ." ಅವಳು ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಕೂತ್ಕೋ. ತಿಂತೀಯಾ? ಅಮ್ಮ ಮಾಡಿದ್ದು, ಉಪ್ಪು ಜಾಸ್ತಿ."

ಕೊರಿನ್ ಕುಳಿತಳು. ಒಂದು ಚಮಚ ತಿಂದಳು. ಉಪ್ಪು ಜಾಸ್ತಿಯೇ ಇತ್ತು.

"ಯಾಕೆ ಹೋಗಿ ಹೇಳ್ದೆ ಅವರಿಗೆ?" ಎಂದಳು. "ಸುಮ್ನಿದ್ದಿದ್ರೆ ನಿಂಗೇ ಬರ್ತಿತ್ತೇನೋ."

ಯಾರಿಟ್ಸಾ ತಿನ್ನುವುದನ್ನು ನಿಲ್ಲಿಸಿದಳು. "ನಿಜ ಹೇಳ್ಲಾ? ಮೊದಲು ಹೋಗಿದ್ದು ನನಗೋಸ್ಕರ ಕೇಳೋಕೆ. ಮುದುಕನ್ನ ಕರ್ಕೊಂಡು ಹೋಗಿದ್ದೆ, ತಡ ಆಯ್ತು, ನೀವು ಹೇಳಿದ್ದು ನಂಗೆ ಕೇಳಿಸ್ಲಿಲ್ಲ, ಇನ್ನೊಂದು ಅವಕಾಶ ಕೊಡಿ ಅಂತ. ಬಾಗಿಲ ತನಕ ಅದೇ ಇತ್ತು ಬಾಯಲ್ಲಿ. ಒಳಗೆ ಹೋದ್ಮೇಲೆ, ಇವಳು ಅಷ್ಟು ದೊಡ್ಡ ಮನಸ್ಸು ಮಾಡಿದಾಳೆ, ನಾನು ಹಿಂಗೆ ಭಿಕ್ಷೆ ಕೇಳೋದಾ ಅಂತ ನಾಚಿಕೆ ಆಯ್ತು. ಬಾಯಿಂದ ಬೇರೇದೇ ಬಂತು." ಅವಳು ನಕ್ಕಳು. "ಈಗ ಸ್ವಲ್ಪ ಹೊಟ್ಟೆ ಉರೀತಿದೆ, ಸುಳ್ಳು ಯಾಕೆ. ಆದ್ರೆ ಮಿರೇಯಾಗೆ ಹೇಳಿದೀನಿ ನಿನ್ ಕಥೇನ. ಇಲ್ಲಿರೋರಿಗೆಲ್ಲ ಹೇಳಿದೀನಿ. ದಿನಾ ಬೆಳಗಾದ್ರೆ ಮನುಷ್ಯರು ಮನುಷ್ಯರಿಗೆ ಏನೇನು ಮಾಡ್ತಾರೆ ಅಂತ ನೋಡ್ತೀನಲ್ಲ. ಒಂದಾದ್ರೂ ಇಂಥದ್ದು ಇರ್ಲಿ."

"ಮುಂದೆ ಏನು ಮಾಡ್ತೀಯ?"

"ಎಲ್ಲರ ಹಾಗೆ ಅರ್ಜಿ ಹಾಕ್ತೀನಿ. ಹಳೇ ಅಂಕ ನೋಡಿ ಎಸೀತಾರೆ. ಇನ್ನೊಂದ್ಸಲ ಹಾಕ್ತೀನಿ. ಹಳೇದಕ್ಕೆ ಏನು ಮಾಡೋದು? ಇಪ್ಪತ್ತರಲ್ಲಿ ನಾನು ಓದ್ತಿದ್ನಾ, ಬಸುರಿಯಾಗಿ ವಾಂತಿ ಮಾಡ್ತಾ ಬಕೆಟ್ ಮುಂದೆ ಕೂತಿದ್ದೆ." ಡಬ್ಬಿಯ ತಳವನ್ನು ಚಮಚದಿಂದ ಕೆರೆದಳು. "ನೀನು ಏನೋ ಹೇಳೋಕೆ ಬಂದಂಗಿತ್ತು?"

ಎರಡು ವಾಕ್ಯ ನಾಲಿಗೆಯ ಮೇಲೇ ಇದ್ದವು. ಈಗ ಹೇಳಿದರೆ ಸೀಟು ಯಾರಿಟ್ಸಾಗೆ ಹೋಗುತ್ತದೆ. ಕೊರಿನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಹೇಳಿದರೆ ಇವಳಿಗೇ ನೋವು, ಮಿರೇಯಾ ಕೇಳಿದ ಕಥೆ ಹಾಳಾಗುತ್ತದೆ, ಇವಳು ನಂಬಿಕೊಂಡ ಆ ಒಂದು ಒಳ್ಳೆಯದೂ ಇಲ್ಲದಂತಾಗುತ್ತದೆ ಎಂದೆಲ್ಲ ಮನಸ್ಸು ಹೇಳಿಕೊಟ್ಟಿತು. ಅವಳು ಅದನ್ನು ಕೇಳಿಸಿಕೊಂಡಳು, ನಂಬಲಿಲ್ಲ. ನಂಬಲು ಕೂಡ ಸ್ವಲ್ಪ ಶಕ್ತಿ ಬೇಕು. ಅವಳ ಕಣ್ಣ ಮುಂದೆ ಇದ್ದದ್ದು ಇನ್ನೊಂದು ಚಳಿಗಾಲ, ಇನ್ನೊಂದು ಸಂಜೆ ತರಗತಿ, ಮೂಲೆಯ ಆ ಸ್ಟೂಲು.

ಯಾರಿಟ್ಸಾಳ ಭುಜದ ಮೇಲಿದ್ದ ರೇಡಿಯೋ ಕರಕರ ಎಂದಿತು. ಯಾವುದೋ ಬೀದಿ, ಉಸಿರಾಟದ ತೊಂದರೆ, ಹೆಂಗಸು. ಮುಂದಿನ ಸೀಟಿನಿಂದ ಅವಳ ಜೊತೆಗಾರ, "ಊಟ ಆಯ್ತಾ ಮಹಾರಾಣಿ?" ಎಂದು ಕೂಗಿದ.

"ಬಂದೆ, ಬಂದೆ. ಹೇಳೇ ಬೇಗ, ಏನು?"

"ಏನಿಲ್ಲ," ಎಂದಳು ಕೊರಿನ್. "ಥ್ಯಾಂಕ್ಸ್ ಹೇಳೋಣ ಅಂತ ಬಂದೆ."

"ಹೋಗೇ, ಪೆದ್ದಿ." ಯಾರಿಟ್ಸಾ ಖಾಲಿ ಡಬ್ಬಿಯನ್ನು ಅವಳ ಕೈಗೆ ತುರುಕಿ ಬಾಗಿಲು ಎಳೆದುಕೊಂಡಳು. "ತೊಳ್ದು ತಂದ್ಕೊಡು!"

ಗಾಡಿ ದೀಪ ಹಾಕಿಕೊಂಡು ತಿರುವು ದಾಟಿತು. ಕೊರಿನ್ ಡಬ್ಬಿ ಹಿಡಿದುಕೊಂಡು ತನ್ನ ಕಾರಿಗೆ ಬಂದು ಕುಳಿತಳು. ಹೊರಟದ್ದು ಹೇಳಲೆಂದೇ, ಆದರೆ ಇನ್ನು ಅದನ್ನು ಹೇಳುವ ದಿನ ಬರುವುದಿಲ್ಲ ಎಂದು ಅವಳಿಗೆ ಅರ್ಥವಾಯಿತು. ಆ ದಿನ ತಾನಾಗಿ ತಪ್ಪಿಹೋಗುವುದು ಅವಳಿಗೆ ಬೇಕಿರಲಿಲ್ಲ. ಹಾಗಾದರೆ ಅದೂ ಆವತ್ತು ಬೀಕರ್ ನೋಡುತ್ತ ಕಾದಂಥದ್ದೇ ಇನ್ನೊಂದು ಕಾಯುವಿಕೆಯಾಗುತ್ತದೆ. ಅದಕ್ಕೆ ಅಲ್ಲೇ, ಕಾರು ಚಾಲೂ ಮಾಡುವ ಮುಂಚೆ, ನಿರ್ಧರಿಸಿದಳು: ಯಾರಿಟ್ಸಾಗೆ ಹೇಳುವುದಿಲ್ಲ. ಡಾಕ್ಟರ್ ಆಸ್ಟ್ರಾಂಡರ್‌ಗೆ ಹೇಳುವುದಿಲ್ಲ. ಅಮ್ಮನಿಗೆ, ಮುಂದೆ ಯಾವತ್ತಾದರೂ ಜೊತೆಗೆ ಬಾಳುವವರು ಯಾರಾದರೂ ಸಿಕ್ಕಿದರೆ ಅವರಿಗೆ, ಯಾರಿಗೂ ಹೇಳುವುದಿಲ್ಲ.

ಫೋನು ತೆಗೆದು ಡಾಕ್ಟರ್ ಆಸ್ಟ್ರಾಂಡರ್‌ಗೆ ಒಪ್ಪಿಗೆ ಬರೆದಳು. ಶುಕ್ರವಾರಕ್ಕೆ ಇನ್ನೂ ಒಂದು ದಿನ ಬಾಕಿ ಇತ್ತು.